ಹೋರಾಟದಿಂದ ಗಾಯ ಮಾಯುತ್ತದೆಯೆ?

ಪುಣೆಯ ಯೆರವಡಾ. 1932ರ ಸೆಪ್ಟೆಂಬರ್ 24ರಂದು ಇಲ್ಲಿನ ಜೈಲಿನಲ್ಲಿ ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. ಇಷ್ಟು ವರ್ಷಗಳ ನಂತರ, ಅದೇ ತಾರೀಖಿನ ಒಂದು ಮಧ್ಯಾಹ್ನ, ಯೆರವಡಾದ ಬಸ್ತಿಯೊಂದರ ಬುದ್ಧವಿಹಾರದಲ್ಲಿ ಇಬ್ಬರು ಮಾತಿಗೆ ಕೂತಿದ್ದಾರೆ. ಹಿರಿಯರು ಕಲಬುರಗಿ ಸೀಮೆಯವರು. 1972ರ ಬರಗಾಲದಲ್ಲಿ ಇಲ್ಲಿಗೆ ಬಂದು, ಸೆಂಟ್ರಿಂಗ್ ಕೆಲಸ ಮಾಡುತ್ತಲೇ ದಲಿತ ಚಳವಳಿಯಲ್ಲಿ ಜೀವ ಸವೆಸಿದವರು. ಯುವತಿಯದೂ ಅದೇ ಸೀಮೆಯ ಮನೆತನ. ಹುಟ್ಟಿ ಬೆಳೆದದ್ದು ಯೆರವಡಾದಲ್ಲಿ, ಓದಿದ್ದು ಸಮಾಜಕಾರ್ಯ, ಈಗ ಆಪ್ತಸಮಾಲೋಚಕಿ. ಬಸ್ತಿಯ ಹುಡುಗನೊಬ್ಬ ಶ್ರಾವಣದ ಜಾತ್ರೆಗೆಂದು ಊರಿಗೆ ಹೋಗಿದ್ದಾಗ, ಹೋಟೆಲಿನಲ್ಲಿ ಎಲ್ಲರ ಲೋಟದಲ್ಲೇ ಚಹಾ ಕೇಳಿದ್ದಕ್ಕೆ ಹೊಡೆತ ತಿಂದು ಬಂದಿದ್ದಾನೆ. ಸಂಜೆ ಇಲ್ಲೇ ಸಭೆಯಿದೆ. ಅದರಲ್ಲಿ ಅವನು ಮಾತಾಡಬೇಕೆಂಬುದು ಹಿರಿಯರ ಮನಸ್ಸು. ಕೂಡದು ಎಂದು ಯುವತಿ ಬಂದಿದ್ದಾಳೆ.

ಯುವತಿ: ಕಾಕಾ, ಸಂಜಿ ಸಭಾದಾಗ ಮಾತಾಡೋರ ಪಟ್ಟಿಯೊಳಗ ಅವನ ಹೆಸರು ಬರದೀರಿ. ಅವನ್ನ ಕೇಳೀರೇನ್ರಿ?

ಹಿರಿಯರು: ಅವ ಯಾರ ಜೋಡಿನೂ ಮಾತಾಡವಲ್ಲ. ಕೇಳಿದ್ರ ಏನು ಹೇಳ್ತಾನ? ಅದಕ್ಕ ಅಂತೀನಿ, ಒಮ್ಮೆ ಮೈಕಿನ ಮುಂದ ನಿಲ್ಲಲಿ. ನಾಕು ಮಂದಿ ಮುಂದ ತನಗಾದದ್ದು ಹೇಳಲಿ. ಒಳಗಿಂದು ಹೊರಗ ಬಂದ್ರ ಅರ್ಧ ಭಾರ ಅಲ್ಲೇ ಇಳೀತದ.

ಯುವತಿ: ರಾತ್ರಿ ಅವ ಏನು ಮಾಡ್ತಾನ ಗೊತ್ತದೇನ್ರಿ? ಹೊಡಿಯೋ ಮುಂದ ಯಾರೋ ಮೊಬೈಲಿನ್ಯಾಗ ವಿಡಿಯೊ ಮಾಡ್ಯಾರ. ಅದು ಊರೆಲ್ಲಾ ತಿರುಗಿ ಅವನ ಕೈಗೇ ಬಂದದ. ದಿನಾ ರಾತ್ರಿ ಹೊದಿಕಿ ಒಳಗ ಅದನ್ನ ಹಚ್ಚಿಕೊಂಡು ನೋಡ್ತಾನ. ನೋಡೂದು ಹೊಡದವರನ್ನಲ್ಲ, ಸುತ್ತ ನಿಂತವರನ್ನ. ಒಂದೊಂದು ಮುಖಕ್ಕ ನಿಲ್ಲಿಸಿ ಗುರುತು ಹಿಡೀತಾನ. ಅದ್ರಾಗ ಒಬ್ಬ ಇವನ ಜೋಡಿ ಹತ್ತನೇತ್ತ ತನಕ ಒಂದೇ ಬೆಂಚಿನ ಮ್ಯಾಲ ಕೂತವ. ಅಂಥವನ್ನ ಇವತ್ತು ಇನ್ನೊಂದು ಗುಂಪಿನ ಮುಂದ ನಿಲ್ಲಸ್ತೀನಂತೀರಿ.

ಹಿರಿಯರು: ಆ ಗುಂಪು ನಿಂತು ನೋಡ್ತು, ಯವ್ವಾ. ಈ ಗುಂಪು ಅವನ ಹಿಂದ ನಿಲ್ತದ. ಎರಡೂ ಒಂದೇ ಏನು? ನಂದು ಕೇಳು. ಸಾಲ್ಯಾಗ ನನಗ ನೀರು ಮ್ಯಾಲಿಂದ ಬೊಗಸಿಗೆ ಹೊಯ್ತಿದ್ರು. ತಪ್ಪು ನಂದೇ, ನನ್ನ ಮೈಯಾಗ ಏನೋ ಹೊಲಸು ಅದ ಅಂತ ತಿಳಿದಿದ್ದೆ. 1968ರಾಗ ಬಿ. ಶ್ಯಾಮಸುಂದರ್ ಅವರು ಕಲಬುರಗ್ಯಾಗ ಭೀಮಸೇನಾ ಕಟ್ಟಿದ್ರು. ನಮ್ಮಣ್ಣನ ಬೆನ್ನು ಹತ್ತಿ ಒಂದು ಸಭಾಕ್ಕ ಹೋದೆ. ಭಾಷಣ ಪೂರಾ ತಿಳೀಲಿಲ್ಲ. ಆದ್ರ ಅಷ್ಟು ಮಂದಿ ನಮ್ಮವರು ತಲಿ ಎತ್ತಿ ಕೂತದ್ದು ಮೊದಲನೇ ಸಲ ಕಂಡೆ. ಹೊಲಸು ನನ್ನ ಮೈಯಾಗಿಲ್ಲ, ಹೊಯ್ಯವನ ಕಣ್ಣಾಗ ಅದ ಅಂತ ಅವತ್ತು ತಿಳೀತು. ಇದನ್ನ ಯಾವ ಡಾಕ್ಟರು ಹೇಳ್ತಿದ್ದ ನನಗ?

ಯುವತಿ: ಅದನ್ನ ಒಪ್ಪತೀನಿ. ತಪ್ಪು ನಂದಲ್ಲ ಅಂತ ಒಬ್ಬಂಟಿಯಾಗಿ ಕೂತು ತಿಳಕೊಳ್ಳೂದು ಬಾಳ ಕಷ್ಟ. ಅದಕ್ಕ ನಾಕು ಮಂದಿ ಬೇಕು. ಆದ್ರ ನಾಚಿಕಿ ಹೋದಕೂಡಲೇ ನಿದ್ದಿ ಬರ್ತದ ಅಂತ ಇಲ್ಲ. ಹೋದ ಉಗಾದಿಗೆ ನಿಮ್ಮೂರಿಗೆ ನಾನೂ ಬಂದಿದ್ದೆ. ಊರ ನಡುವಿನ ಕಟ್ಟಿ ಹತ್ರ ಆ ಕಡೆ ಓಣಿ ಹುಡುಗೊಬ್ಬ ಸ್ಟೀಲ್ ಲೋಟದಾಗ ನೀರು ತಂದ. ನೀವು ಲೋಟಕ್ಕ ಕೈ ಚಾಚಲಿಲ್ಲ. ನಿಮ್ಮ ಎರಡೂ ಕೈ ತಾವೇ ಕೂಡಿ ಬೊಗಸಿ ಆದ್ವು. ಒಂದು ಗಳಿಗಿ ಅಷ್ಟೇ. ಆಮ್ಯಾಲ ಲೋಟ ಹಿಡದ್ರಿ.

ಹಿರಿಯರು: ನೋಡಿದ್ದೇನು ನೀ?

ಯುವತಿ: ನೋಡಿದ್ದೆ. ಐವತ್ತು ವರ್ಷ ಮೋರ್ಚಾ ಮಾಡಿದ ಕೈ ಅವು.

ಹಿರಿಯರು: ಕೈ ಮರೀಲಿಲ್ಲ, ಖರೆ. ಆದ್ರ ಆ ಹುಡುಗ ಲೋಟ ಹಿಡಕೊಂಡು ಬಂದನಲ್ಲ, ಅದು ಎಲ್ಲಿಂದ ಬಂತು? ಅವನ ಅಜ್ಜ ನನ್ನ ಬೊಗಸಿಗೆ ನೀರು ಹೊಯ್ದವ. ನಡುವ ನಾವು ಅರ್ಜಿ ಕೊಟ್ಟೀವಿ, ಕೇಸು ಹಾಕೀವಿ, ಕಲೆಕ್ಟರ್ ಕಚೇರಿ ಮುಂದ ಕೂತೀವಿ. ನನ್ನ ಕೈ ಸುಧಾರಿಸಲಿಲ್ಲ ಅಂತ ನೀ ನೋಡಿದಿ. ಅವನ ಕೈ ಸುಧಾರಿಸಿತು, ಅದನ್ನ ನೋಡಲಿಲ್ಲ.

ಯುವತಿ: ನೋಡೀನಿ. ಅದಕ್ಕೇ ಕೇಳ್ತೀನಿ: ನಿಮ್ಮ ಹೋರಾಟ ಊರಿಗೆ ಮದ್ದಾತು, ನಿಮಗ ಏನಾತು? ಬಾಬಾಸಾಹೇಬ ಅಂಬೇಡ್ಕರ್ ಅವರು 'ವೇಟಿಂಗ್ ಫಾರ್ ಎ ವೀಸಾ' ಬರದಾರ. ಬರೋಡಾದ ಪಾರ್ಸಿ ವಸತಿಗೃಹದಿಂದ ಅವರನ್ನ ಹೊರಗ ಹಾಕಿದ್ದು ಅದರಾಗ ಅದ. 18 ವರ್ಷದ ಮ್ಯಾಲೂ ಕಣ್ಣೀರಿಲ್ಲದ ಅದನ್ನ ನೆನೀಲಿಕ್ಕೆ ಆಗಂಗಿಲ್ಲ ಅಂತಾರ. ಅದನ್ನ ಬರಿಯೋದ್ರಾಗ ಮಹಾಡದ ಕೆರಿ ಹೋರಾಟ ಆಗಿತ್ತು, ನಾಶಿಕದ ಕಾಳಾರಾಮ ಗುಡಿ ಹೋರಾಟ ಆಗಿತ್ತು, ಈ ಯೆರವಡಾದ ಒಪ್ಪಂದನೂ ಆಗಿತ್ತು. ಅವರಿಗಿಂತ ದೊಡ್ಡ ಹೋರಾಟಗಾರರನ್ನ ಎಲ್ಲಿಂದ ತರೂದು? ಆದ್ರೂ ಕಣ್ಣೀರು ನಿಂತಿರಲಿಲ್ಲ.

ಹಿರಿಯರು: ನಿಲ್ಲಬೇಕು ಅಂತ ಯಾರು ಹೇಳಿದ್ರು? ಅವರು ಅಳತಾ ಕೂಡಲಿಲ್ಲ, ಆ ಕಣ್ಣೀರನ್ನ ಸಾಕ್ಷಿ ಮಾಡಿದ್ರು. ನಂಗ ಮಹಾಡದ ಇನ್ನೊಂದು ಸಂಗತಿ ನೆನಪಾಗ್ತದ. 1927ರ ಡಿಸೆಂಬರಿನಾಗ ಮನುಸ್ಮೃತಿ ಸುಟ್ಟರಲ್ಲ, ಆಗ ಬಾಬಾಸಾಹೇಬರು ಹೆಣ್ಮಕ್ಕಳಿಗೆ ಬ್ಯಾರೆನೇ ಭಾಷಣ ಮಾಡಿದ್ರು. ಸೀರಿ ಉಡೂದ್ರಾಗ, ಒಡವಿ ಹಾಕೂದ್ರಾಗ ಇವರು ಇಂಥ ಜಾತಿಯವರು ಅಂತ ಗುರುತು ಕಾಣಬಾರದು ಅಂದ್ರು. ಮರುದಿವಸಕ್ಕ ಹೆಣ್ಮಕ್ಕಳು ಸೀರಿ ಉಡೂದೇ ಬದಲಾತು. ನೂರಾರು ವರ್ಷ ಮೈಮ್ಯಾಲ ಹೊತ್ತ ಗುರುತು ಒಂದು ರಾತ್ರಿಯೊಳಗ ತೆಗೆದು ಇಟ್ಟರು. ಇದಕ್ಕ ನಿಮ್ಮ ಶಾಸ್ತ್ರದಾಗ ಏನಂತಾರ?

ಯುವತಿ: ಚಿಕಿತ್ಸಾ ಅಂತಾರ, ಕಾಕಾ. ಬಾಳ ಚಲೋ ಚಿಕಿತ್ಸಾ. ಆದ್ರ ಅದ್ರಾಗ ಒಂದು ನೋಡ್ರಿ. ಬಾಬಾಸಾಹೇಬರು ಆ ಹೆಣ್ಮಕ್ಕಳಿಗೆ, ನಿಮ್ಮ ಮ್ಯಾಲ ಆದ ದೌರ್ಜನ್ಯ ಎಲ್ಲಾರ ಮುಂದ ಹೇಳ್ರಿ ಅನ್ನಲಿಲ್ಲ. ಅವರ ಕೈಯಾಗಿದ್ದ ಕೆಲಸ ಕೊಟ್ಟರು. ಅದನ್ನ ಅವರು ತಮ್ಮ ಮನ್ಯಾಗ, ತಮ್ಮ ಕೈಲೆ ಮಾಡಿದ್ರು.

ಹಿರಿಯರು: ಹಂಗಾದ್ರ ಮುಕ್ತಾ ಸಾಳ್ವೆ? ಇದೇ ಪುಣಾದಾಗ, ಫುಲೆ ದಂಪತಿಗಳ ಸಾಲ್ಯಾಗ ಕಲಿತ ಮಾಂಗ ಜಾತಿ ಹುಡುಗಿ. 14 ವರ್ಷದಾಕಿ. ಮಹಾರ-ಮಾಂಗರ ದುಃಖ ಬರದು 1855ರಾಗ 'ಜ್ಞಾನೋದಯ' ಪತ್ರಿಕಾದಾಗ ಛಾಪಿಸಿದಳು. ನಮ್ಮ ಹೆಣ್ಮಕ್ಕಳು ತಲಿ ಮ್ಯಾಲ ಸೂರಿಲ್ಲದ ಹಡಿತಾರ ಅಂತ ಬರದಾಳ. ಅಷ್ಟು ಸಣ್ಣಾಕಿ ಊರಿಗೆ ಊರೇ ಕೇಳೂ ಹಂಗ ಹೇಳಲಿಲ್ಲೇನು? ಆಕಿ ಹೇಳಿದ್ದಕ್ಕ ಇವತ್ತಿಗೂ ನಾವು ಓದಿ ಗಟ್ಟಿ ಆಗ್ತೀವಿ.

ಯುವತಿ: ಆಕಿಗೆ ಮೊದಲು ಒಂದು ಸಾಲಿ ಸಿಕ್ಕಿತ್ತು. ಬಾ ಅಂತ ಕೈ ಹಿಡದು ಕೂಡಿಸೋ ಮಾಸ್ತರಬಾಯಿ ಸಿಕ್ಕಿದ್ರು. ಅಕ್ಷರ ಸಿಕ್ಕವು. ಆಮ್ಯಾಲ ಆಕಿ ಬರದಳು, ತನಗ ಬೇಕಾದಾಗ, ತನಗ ಬೇಕಾದಷ್ಟು. ಕಾಕಾ, ನೀವು ಜಲ್ಮೆಲ್ಲಾ ಸ್ಲ್ಯಾಬ್ ಹಾಕಿದವರು. ಕಾಂಕ್ರೀಟು ಸುರುವಿದ ಮರುದಿವಸ ಸೆಂಟ್ರಿಂಗ್ ಬಿಚ್ಚತೀರೇನು? ದಿನಾ ನೀರು ಹೊಡದು, ಅದು ತನ್ನ ಭಾರ ತಾನು ಹೊರೂ ಹಂಗ ಆದ ಮ್ಯಾಲ ಕೆಳಗಿನ ಕಂಬ ತೆಗೀತೀರಿ. ಆ ಹುಡುಗನ ಮ್ಯಾಲ ಇವತ್ತೇ ಸಭಾದ ಭಾರ ಹಾಕಬ್ಯಾಡ್ರಿ ಅನ್ನೂದು ಅಷ್ಟೇ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಾಗಿ, ಜಮಖಾನೆಯ ಮೂಲೆಯನ್ನು ಗೋಡೆಯವರೆಗೆ ಎಳೆದು ಸರಿಮಾಡಿದರು. ಮತ್ತೆ ಶುರುವಾದಾಗ ಅವರ ದನಿಯಲ್ಲಿ ಬಿಗಿಯಿತ್ತು.

ಹಿರಿಯರು: ಮತ್ತ ನೀ ಏನು ಮಾಡಂತಿ? ದವಾಖಾನಿಗೆ ಕರಕೊಂಡು ಹೋಗೂದು? ಹೊಡದವರು ಊರಾಗ ಆರಾಮ ಅದಾರ, ಉಂಡು ಮಲಗತಾರ. ಹೊಡಿಸಿಕೊಂಡವನ ಹೆಸರಿಗೆ ರೋಗಿ ಅಂತ ಕೇಸ್ ಪೇಪರ್ ಮಾಡಸೂದೇನು? ಹುಚ್ಚು ಹಿಡದದ್ದು ಯಾರಿಗೆ? ಜಾತಿ ಹುಚ್ಚು ಹಿಡದವರಿಗೆ ಯಾವ ಗುಳಿಗಿನೂ ಇಲ್ಲ, ಇವಗ ನಿದ್ದಿ ಗುಳಿಗಿ!

ಯುವತಿ: ಈ ಮಾತಿಗೆ ನನ್ನ ಹತ್ರ ಪೂರಾ ಉತ್ತರ ಇಲ್ಲ. ನಮ್ಮ ಮಂದಿ ಸಮಾಲೋಚಕರ ಹತ್ರ ಹೋಗಿ ಜಾತಿ ಮಾತು ತೆಗೆದ್ರ, ಅದೆಲ್ಲಾ ಮನಸಿಗೆ ಹಚ್ಚಿಕೋಬ್ಯಾಡ, ಮುಂದ ನೋಡು ಅಂತ ಕಳಿಸಿದವರು ಅದಾರ. ಅಂಥ ಮಾತು ಇನ್ನೊಂದು ಹೊಡೆತನೇ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸಾದಾಗ ಜಾತಿ ಭೇದ ಮಾಡಬಾರದು ಅಂತ ಬರದದ. ಆದ್ರ ಜಾತಿಯಿಂದ ಆದ ಗಾಯ ಕೇಳಿಸಿಕೊಳ್ಳೂ ಕಿವಿ ಕಾಯ್ದೆಯಿಂದ ಬರೂದಿಲ್ಲ. ಅದು ನಮ್ಮಂಥವರು ಈ ಕೆಲಸಕ್ಕ ಬಂದ್ರ ಬರ್ತದ. ನಾ ಬಂದದ್ದೇ ಅದಕ್ಕ. ನಿಮಗ ಗೊತ್ತದ, ಪುಣಾದಾಗ ಯಾರಿಗರೆ ತಲಿ ಕೆಟ್ಟದ ಅನ್ನಬೇಕಾದ್ರ, ಇವನ್ನ ಯೆರವಡಾಕ್ಕ ಕಳಸ್ರಿ ಅಂತಾರ. ಮಾನಸಿಕ ಆಸ್ಪತ್ರಿ ಇಲ್ಲಿ ಅದ ಅಂತ. ಕಾಲೇಜಿನ್ಯಾಗ ನಾ ವಿಳಾಸ ಹೇಳಿದ್ರ ನಗತಿದ್ರು. ಅಂಥ ಊರಾಗ ನಮ್ಮ ಹುಡುಗೂರಿಗೆ ಎರಡು ನಾಚಿಕಿ: ಜಾತಿ ಒಂದು, ಮನಸ್ಸು ದಣಿದದ ಅಂತ ಹೇಳೂದು ಇನ್ನೊಂದು. ಮೊದಲನೇದನ್ನ ನೀವು ಹೋರಾಡಿ ಇಳಿಸಿದ್ರಿ. ಎರಡನೇದನ್ನ ಇಳಸಲಿಕ್ಕೆ ನಂಗ ಬಿಡ್ರಿ.

ಹಿರಿಯರು: ಬಿಡ್ತೀನಿ. ಆದ್ರ ಮನಸ್ಸು ಬ್ಯಾರೆ, ಸಮಾಜ ಬ್ಯಾರೆ ಅಂತ ಎರಡು ಅಂಗಡಿ ತೆಗೀಬ್ಯಾಡ. ಜೋತಿಬಾ ಫುಲೆ 1873ರಾಗ 'ಗುಲಾಮಗಿರಿ' ಪುಸ್ತಕ ಬರದು ಯಾರಿಗೆ ಅರ್ಪಣಾ ಮಾಡಿದ್ರು? ನೀಗ್ರೋ ಗುಲಾಮರನ್ನ ಬಿಡಿಸಿದ ಅಮೆರಿಕಾದ ಮಂದಿಗೆ. ಅದೇ ವರ್ಷ, ಇದೇ ಸೆಪ್ಟೆಂಬರ್ 24ಕ್ಕ ಪುಣಾದಾಗ ಸತ್ಯಶೋಧಕ ಸಮಾಜ ಕಟ್ಟಿದ್ರು. 1946ರಾಗ ಬಾಬಾಸಾಹೇಬರು ಕರಿಯರ ಹಿರಿಯ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರದ್ರು. 1972ರಾಗ ಮುಂಬೈದಾಗ ದಲಿತ ಪ್ಯಾಂಥರ್ ಹುಟ್ಟಿತು, ಹೆಸರು ಬ್ಲ್ಯಾಕ್ ಪ್ಯಾಂಥರ್ ಅವರದು. ನಾ ಪುಣಾಕ್ಕ ಬಂದ ವರ್ಷ ಅದು. ಆಗಸ್ಟ್ 15ಕ್ಕ ಇಲ್ಲಿನ 'ಸಾಧನಾ' ವಾರಪತ್ರಿಕಾದಾಗ ರಾಜಾ ಢಾಲೆ ಅವರ ಲೇಖನ ಬಂತು, ಕರಾಳ ಸ್ವಾತಂತ್ರ್ಯ ದಿನ ಅಂತ. ಊರಿಗೆ ಊರೇ ಹೊತ್ತಿಕೊಂಡಿತು. ಮರಾಠಿ ಓದಲಿಕ್ಕೆ ಬರತಿದ್ದಿಲ್ಲ, ಒಬ್ಬವ ಓದಿ ಹೇಳಿದ. ಆ ರಾತ್ರಿ ನಾ ಮಲಗಲಿಲ್ಲ. ತ್ರಾಸಿನಿಂದ ಅಲ್ಲ, ಖುಷಿಯಿಂದ. ನನ್ನ ಸಿಟ್ಟಿಗೆ ಜಗತ್ತಿನ ತುಂಬ ಬಳಗ ಅದ ಅಂತ ತಿಳಿದ ಖುಷಿ.

ಯುವತಿ: ಆ ಬಳಗದ ಒಂದು ಸಂಗತಿ ನಿಮಗ ಯಾರೂ ಓದಿ ಹೇಳಲಿಲ್ಲ, ಕಾಕಾ. ಬ್ಲ್ಯಾಕ್ ಪ್ಯಾಂಥರ್‌ದವರು 1966ರಾಗ ಓಕ್ಲೆಂಡಿನಾಗ ಶುರು ಮಾಡಿದ್ರು. ಮುಂದ ನಾಕು ವರ್ಷದಾಗ, ಎಲ್ಲೆಲ್ಲಿ ಪಾರ್ಟಿ ಅದ ಅಲ್ಲಲ್ಲಿ ಪುಕ್ಕಟೆ ದವಾಖಾನಿ ತೆಗೀಬೇಕು ಅಂತ ನೇಮ ಮಾಡಿದ್ರು. ಕರಿಯರೊಳಗ ಜಾಸ್ತಿ ಬರೂ ಸಿಕಲ್ ಸೆಲ್ ರೋಗಕ್ಕ ಓಣಿ ಓಣಿ ತಿರುಗಿ ರಕ್ತ ತಪಾಸಣಿ ಮಾಡಿದ್ರು. ಸಾಲಿ ಮಕ್ಕಳಿಗೆ ಮುಂಜಾನಿ ನಾಷ್ಟಾ ಹಾಕಿದ್ರು. ಅವರ ಹೆಸರು ತಂದ್ರಿ, ಸಿಟ್ಟು ತಂದ್ರಿ. ದವಾಖಾನಿ ತರಲಿಲ್ಲ.

ಹಿರಿಯರು: ನಮ್ಮ ಕೈಯಾಗ ರೊಕ್ಕ ಎಲ್ಲಿತ್ತು? ಇವತ್ತು ಮೋರ್ಚಾ, ನಾಳೆ ಜಾಮೀನು, ನಾಡದು ಯಾರದೋ ಊರಾಗ ಬೆಂಕಿ. ಉಸಿರಾಡಲಿಕ್ಕೆ ಪುರಸತ್ತಿರಲಿಲ್ಲ.

ಯುವತಿ: ರೊಕ್ಕದ ಮಾತಲ್ಲ. ದಣಿದವರನ್ನ ನೋಡಿಕೊಳ್ಳೂದೂ ಹೋರಾಟದ ಕೆಲಸ ಅಂತ ನಾವು ತಿಳೀಲಿಲ್ಲ. 1986ರಾಗ ಶಿವಮೊಗ್ಗ ಜಿಲ್ಲಾದ ಚಂದ್ರಗುತ್ತಿಯೊಳಗ ಬೆತ್ತಲೆ ಸೇವಾ ನಿಲ್ಲಸಲಿಕ್ಕೆ ದಲಿತ ಸಂಘರ್ಷ ಸಮಿತಿಯವರು ಹೋದ್ರು. ಜನ ತಿರುಗಿಬಿದ್ದು ಕಾರ್ಯಕರ್ತರನ್ನ, ಪೊಲೀಸರನ್ನ ಹೊಡದು, ಬಟ್ಟಿ ಹರಿದು, ಬೆತ್ತಲೆ ಮೆರವಣಿಗಿ ಮಾಡಿದ್ರು. ಆಮ್ಯಾಲ ಸರ್ಕಾರ ಆ ಸೇವಾ ನಿಷೇಧ ಮಾಡ್ತು. ಹೋರಾಟ ಗೆದ್ದಿತು. ಅವತ್ತು ಬಟ್ಟಿ ಹರಿಸಿಕೊಂಡವರ ರಾತ್ರಿಗಳು ಹ್ಯಾಂಗ ಕಳದವು ಅಂತ ಯಾರು ಕೇಳಿದ್ರು? ಫ್ರಾಂಟ್ಸ್ ಫಾನನ್ ಅಂತ ಒಬ್ಬ ಕರಿಯ ಡಾಕ್ಟರ್ ಇದ್ದ, ಮನೋವೈದ್ಯ. ಅಲ್ಜೀರಿಯಾದ ಆಸ್ಪತ್ರಿಯೊಳಗ ಕೆಲಸ. ಗುಲಾಮಗಿರಿ ಇರೂತನಕ ಈ ಮಂದಿಗೆ ನಾ ಮದ್ದು ಕೊಡೂದ್ರಾಗ ಅರ್ಥ ಇಲ್ಲ ಅಂತ 1956ರಾಗ ರಾಜೀನಾಮೆ ಕೊಟ್ಟು ಹೋರಾಟಕ್ಕ ಇಳದ.

ಹಿರಿಯರು: ನೋಡು, ನಿಮ್ಮ ಡಾಕ್ಟರೇ ನನ್ನ ಕಡೆ ಬಂದ.

ಯುವತಿ: ಬಂದ. ಆದ್ರ 1961ರಾಗ, ತಾನು ಸಾಯೂ ವರ್ಷ ಬರದ ಪುಸ್ತಕದಾಗ ಒಂದು ಪೂರಾ ಅಧ್ಯಾಯ ರೋಗಿಗಳ ಮ್ಯಾಲೇ ಅದ. ಹಿಂಸಾ ಅನುಭವಿಸಿದವರು ಅದಾರ, ಹಿಂಸಾ ಮಾಡಿದ ಪೊಲೀಸರು ಅದಾರ, ಹೋರಾಟದಾಗ ಇದ್ದು ನಿದ್ದಿ ಕಳಕೊಂಡವರೂ ಅದಾರ. ಬಂದೂಕು ಹಿಡದ ಕೂಡಲೇ ಮನಸ್ಸು ನೆಟ್ಟಗಾಗ್ತದ ಅಂತ ಅವ ಸುಳ್ಳು ಹೇಳಲಿಲ್ಲ. ಇನ್ನೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೋರ್ಚಾ ಮುಗಿಸಿ ಮನಿಗೆ ಬಂದ ಗಂಡಸೂರ ಸಿಟ್ಟು ಯಾರ ಮ್ಯಾಲ ಇಳೀತಿತ್ತು? ಈ ಬಸ್ತ್ಯಾಗ ನಾ ಸಣ್ಣಾಕಿದ್ದಾಗಿಂದ ಕೇಳೀನಿ, ಗೋಡಿ ಆಚೆ.

ಹಿರಿಯರು: ಅದು ಸುಳ್ಳಲ್ಲ. ಊರಾಗ ಸಾಹುಕಾರನ ಮುಂದ ನುಂಗಿದ್ದು, ಪೊಲೀಸನ ಮುಂದ ನುಂಗಿದ್ದು, ಎಲ್ಲಾ ಮನಿಗೆ ಬಂದು ಹೆಂಡ್ತಿ ಮ್ಯಾಲ ಕಾರಿದವರು ನಮ್ಮೊಳಗ ಇದ್ರು. ಹೋರಾಟದಾಗ ಇದ್ದವರೂ ಇದ್ರು. ಆದ್ರ ಅದನ್ನ ನಿಲ್ಲಿಸಿದ್ದೂ ಹೋರಾಟದೊಳಗಿನ ಹೆಣ್ಮಕ್ಕಳೇ. ಸಂಘ ಕಟ್ಟಿ, ಸಾರಾಯಿ ಅಂಗಡಿಗೆ ಬೀಗ ಹಾಕಿಸಿ, ಕುಡುದು ಬಂದವನ್ನ ಹೊರಗ ನಿಲ್ಲಿಸಿ. ಒಬ್ಬೊಬ್ಬಾಕಿ ಅಳತಾ ಕೂತಿದ್ರ ಆಗತಿತ್ತೇನು?

ಯುವತಿ: ಇಲ್ಲ. ಆದ್ರ ಆ ಸಂಘ ಶುರುವಾದದ್ದು ಹ್ಯಾಂಗ? ನಮ್ಮವ್ವ ಹೇಳ್ತಾಳ: ಸಂಜಿ ನೀರಿನ ನಳದ ಹತ್ರ ಒಬ್ಬರ ಮುಂದ ಒಬ್ಬರು ಅತ್ತು ಅತ್ತು ಶುರುವಾತು. ಭಾಷಣ ಆಮ್ಯಾಲ ಬಂತು.

ಹೊರಗೆ ಯಾರೋ ಮೈಕ್ ಪರೀಕ್ಷೆ ಮಾಡುತ್ತಿದ್ದರು. ಹಿರಿಯರು ಎದ್ದು ಹೋಗಿ ಸದ್ದು ಕಡಿಮೆ ಮಾಡಿಸಿ ಬಂದರು.

ಹಿರಿಯರು: ಒಂದು ಸಂಶಯ ಅದ ನಂಗ. ಕರಿಯರದು ಬಣ್ಣದ ಗಾಯ, ನಮ್ಮದು ಜಾತೀದು. 2001ರಾಗ ದಕ್ಷಿಣ ಆಫ್ರಿಕಾದ ಡರ್ಬಾನಿನಾಗ ಜನಾಂಗಭೇದದ ವಿರುದ್ಧ ಜಾಗತಿಕ ಸಮ್ಮೇಳನ ಆದಾಗ, ಜಾತಿನೂ ಅದರಾಗ ಸೇರಸ್ರಿ ಅಂತ ನಮ್ಮವರು ಹೋಗಿ ಬೇಡಿದ್ರು. ನಮ್ಮ ಸರ್ಕಾರನೇ ಅಡ್ಡ ನಿಂತಿತು. ಬಾಬಾಸಾಹೇಬರು ಸುದ್ದಾ ಜಾತಿ ಅಂದ್ರ ಜನಾಂಗ ಅಲ್ಲ ಅಂತ ಬರದಾರ. ಆದ್ರ ಗಾಯ ಎರಡಕ್ಕೂ ಒಂದೇ ಅಂತ ನನ್ನ ಅನುಭವ. ನೀ ಏನಂತಿ?

ಯುವತಿ: ನೋವು ಒಂದೇ. ಅದರ ಜೋಡಿ ಬದುಕೂ ರೀತಿ ಒಂದೇ ಅಲ್ಲ. ಕರಿಯ ಮನಷ್ಯಾ ತನ್ನ ಬಣ್ಣ ಮುಚ್ಚಲಿಕ್ಕೆ ಆಗಂಗಿಲ್ಲ. 2012ರ ಆಗಸ್ಟಿನಾಗ ಇಲ್ಲಿ ಈಶಾನ್ಯದ ಹುಡುಗೂರ ಮ್ಯಾಲ ಹಲ್ಲೆ ಆದಾಗ, ಬೆಂಗಳೂರಿನಿಂದ ಮಂದಿ ರೈಲು ತುಂಬಿ ಊರಿಗೆ ಓಡಿದಾಗ, ಮುಖ ನೋಡೇ ಗುರುತು ಹಿಡಿತಿದ್ರು ಅವರನ್ನ. ನಮ್ಮದು ಹಂಗಲ್ಲ. ಪಟ್ಟಣದಾಗ ನಮ್ಮನ್ನ ಮುಖದಾಗ ಗುರುತು ಹಿಡಿಯಂಗಿಲ್ಲ. ಅದಕ್ಕೇ ಆಡನಾವ ಕೇಳ್ತಾರ. ಖೋಲಿ ಬಾಡಗಿಗೆ ಕೇಳಲಿಕ್ಕೆ ಹೋದ್ರ ಮೊದಲನೇ ಪ್ರಶ್ನಾ, ಪೂರಾ ಹೆಸರು ಹೇಳ್ರಿ ಅಂತ. ಆ ಹುಡುಗ ಖರಾಡಿ ಸೈಟಿನ್ಯಾಗ ಟೈಲ್ಸ್ ಕೆಲಸ ಮಾಡ್ತಾನ. ಅಲ್ಲಿ ಅವನ ಜಾತಿ ಯಾರಿಗೂ ಗೊತ್ತಿಲ್ಲ. ಡಬ್ಬಿ ಬಿಚ್ಚಿ ಜೋಡಿ ಉಣ್ಣತಾರ. ಇವತ್ತು ನಿಮ್ಮ ಸಭಾದ ವಿಡಿಯೊ ಯಾರರೆ ಹಾಕಿದ್ರ, ನಾಳೆ ಆ ಡಬ್ಬಿ ಜೋಡಿ ಕೂಡತಾವೇನು? ನಿಮಗ ಅದು ಸಾಕ್ಷಿ. ಅವಗ ಅದು ಎರಡನೇ ವಿಡಿಯೊ.

ಹಿರಿಯರು: ಅದನ್ನ ನಾ ಯೋಚಿಸಿದ್ದಿಲ್ಲ. ಆದ್ರೂ ಕೇಳು. ಮುಚ್ಚಿಟ್ಟುಕೊಂಡು ಉಂಡದ್ದು ಮೈಗೆ ಹತ್ತೂದಿಲ್ಲ. ಇವತ್ತಲ್ಲ ನಾಳೆ ಯಾರೋ ಕೇಳ್ತಾರ ಅಂತ ಜೀವ ಹಿಡಕೊಂಡು ಇರೂದು ಅದೇನು ಆರೋಗ್ಯ? ರೋಹಿತ್ ವೇಮುಲಾ ನೆನಪು ಮಾಡಿಕೋ.

ಯುವತಿ: ಅವನ ಹೆಸರು ನಾನೇ ತೆಗೀಬೇಕಂತಿದ್ದೆ. ರೋಹಿತ್ ಮುಚ್ಚಿಕೊಂಡವ ಅಲ್ಲ. ಹೈದರಾಬಾದ ವಿಶ್ವವಿದ್ಯಾಲಯದ ಅಂಬೇಡ್ಕರ್ ವಿದ್ಯಾರ್ಥಿ ಸಂಘದಾಗ ಮುಂದ ನಿಂತವ. ಹಾಸ್ಟೆಲಿನಿಂದ ಹೊರಗ ಹಾಕಿದಾಗ ಗೆಳೆಯರ ಜೋಡಿ ಬಯಲಾಗ 'ವೆಲಿವಾಡ' ಅಂತ ದಲಿತ ಕೇರಿ ಕಟ್ಟಿ, ಬಾಬಾಸಾಹೇಬರ ಪಟ ಇಟ್ಟು ಕೂತವ. ಹೋರಾಟ ಇತ್ತು, ಗೆಳೆಯರಿದ್ರು, ಮಾತಿತ್ತು. ಆದ್ರೂ 2016ರ ಜನವರಿ 17ಕ್ಕ ಅವನ್ನ ಕಳಕೊಂಡ್ವಿ. ಹೋರಾಟ ಒಂದೇ ಸಾಕಾಗೂದಿದ್ರ ಅವ ಇವತ್ತು ಇರತಿದ್ದ.

ಹಿರಿಯರು: ಅವನ್ನ ಕೊಂದದ್ದು ಹೋರಾಟ ಅಲ್ಲ ಮಗಳ. ಅವನ್ನ ಹೊರಗ ಹಾಕಿದ ವ್ಯವಸ್ಥಾ. ಅದನ್ನ ಮರೀಬ್ಯಾಡ. ಮತ್ತ ಅವನ ತಾಯಿ? ರಾಧಿಕಾ ವೇಮುಲಾ ಅವರು ಮನ್ಯಾಗ ಕೂಡಲಿಲ್ಲ. 2016ರ ಏಪ್ರಿಲ್ 14ಕ್ಕ ಮುಂಬೈಗೆ ಬಂದು ಬೌದ್ಧ ದೀಕ್ಷಾ ತೊಗೊಂಡ್ರು. 2019ರಾಗ ಮುಂಬೈದಾಗ ಡಾಕ್ಟರ್ ಪಾಯಲ್ ತಡವಿ ತೀರಿಹೋದಾಗ, ಆಕಿ ತಾಯಿ ಆಬೇದಾ ಅವರ ಜೋಡಿ ಸುಪ್ರೀಂ ಕೋರ್ಟಿಗೆ ಹೋದ್ರು, ಕಾಲೇಜಿನ್ಯಾಗ ಇನ್ನೊಂದು ಮಗು ಹಿಂಗ ಹೋಗಬಾರದು ಅಂತ. ಮಕ್ಕಳನ್ನ ಕಳಕೊಂಡ ಇಬ್ಬರು ತಾಯಂದಿರು ಎದ್ದು ನಿಂತದ್ದು ಯಾತರ ಬಲದಿಂದ?

ಯುವತಿ: ಒಬ್ಬರ ಕೈ ಒಬ್ಬರು ಹಿಡದದ್ದರ ಬಲದಿಂದ. ಅವರ ದುಃಖ ಇಳದದ ಅಂತ ನಾನಾಗಲಿ ನೀವಾಗಲಿ ಹೇಳಲಿಕ್ಕೆ ಆಗಂಗಿಲ್ಲ. ಆದ್ರ ದುಃಖಕ್ಕ ಮಾಡಲಿಕ್ಕೆ ಒಂದು ಕೆಲಸ ಸಿಕ್ಕಿತು. ಅದು ಸಣ್ಣ ಮಾತಲ್ಲ, ಅದನ್ನ ಒಪ್ಪತೀನಿ.

ಹಿರಿಯರು: ಕೆಲಸ ಅಂದ್ರ ಕೆಲಸಕ್ಕ ವ್ಯಾಳ್ಯಾ ಅದ. 2000ದ ಮಾರ್ಚ್ 11ಕ್ಕ ಕಂಬಾಲಪಲ್ಲಿಯೊಳಗ ನಮ್ಮ 7 ಮಂದಿನ್ನ ಸುಟ್ಟರು. ಸಾಕ್ಷಿದಾರರು ತಿರುಗಿಬಿದ್ರು, 2006ರಾಗ ಆರೋಪಿಗಳೆಲ್ಲಾ ಬಿಡುಗಡಿ ಆದ್ರು. ಕೊಪ್ಪಳ ಜಿಲ್ಲಾದ ಮರಕುಂಬಿಯೊಳಗ 2014ರಾಗ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ ಕೇಸು ಹತ್ತು ವರ್ಷ ನಡೀತು. 2024ರ ಅಕ್ಟೋಬರಿನಾಗ 98 ಮಂದಿಗೆ ಜೀವಾವಧಿ ಶಿಕ್ಷಾ ಆತು. ನಾವು ಬಾಯಿ ಬಿಡೂದಕ್ಕೂ ಬಿಡದೆ ಇರೂದಕ್ಕೂ ಇಷ್ಟು ಫರಕ ಅದ. ಈ ಹುಡುಗಂದು 1989ರ ದೌರ್ಜನ್ಯ ತಡೆ ಕಾಯ್ದೆದಾಗ ಬರೂ ಕೇಸು. ಊರಿಗೆ ಹೋಗೂದು ಬ್ಯಾಡ, ಯೆರವಡಾ ಠಾಣೆದಾಗ ಝೀರೋ ಎಫ್‌ಐಆರ್ ಮಾಡಸಬಹುದು, ಅದು ಅಲ್ಲಿಗೆ ವರ್ಗಾ ಆಗ್ತದ. ಒಂದೊಂದು ದಿನ ತಡ ಆದ್ರ ನಾಳೆ ಅವರ ವಕೀಲ ಕೇಳ್ತಾನ, ಇಷ್ಟು ದಿನ ಯಾಕ ಸುಮ್ಮನಿದ್ದಿ ಅಂತ. ಆಗ ನಿನ್ನ ಸಮಾಧಾನ ಕೋರ್ಟಿನ್ಯಾಗ ನಡಿಯಂಗಿಲ್ಲ.

ಯುವತಿ: ಮರಕುಂಬಿ ಕೇಸಿನ್ಯಾಗ ಮುಂದ ಹೈಕೋರ್ಟು ಜಾಮೀನು ಕೊಟ್ಟಿತು, ಅದನ್ನೂ ಹೇಳ್ರಿ. ತೀರ್ಪು ಬಂದ್ರ ಗಾಯ ಮಾಯ್ತದ ಅಂತ ಹುಡುಗಗ ಹೇಳಿಕೊಟ್ಟು, ನಾಳೆ ಜಾಮೀನು ಸುದ್ದಿ ಬಂದ ದಿನ ಅವನ್ನ ಯಾರು ಹಿಡಕೊಂಡು ಕೂಡತೀರಿ? ಆದ್ರ ತಡದ ಮಾತು ಖರೆ. ಕೋರ್ಟಿನ ಗಡಿಯಾರ ಮನಸಿನ ಗಡಿಯಾರಕ್ಕ ಕಾಯಂಗಿಲ್ಲ. ದೂರು ಬ್ಯಾಡ ಅಂತ ನಾ ಎಂದೂ ಅಂದಿಲ್ಲ. ಠಾಣೆ ಬ್ಯಾರೆ, ಸಭಾ ಬ್ಯಾರೆ.

ಹಿರಿಯರು: ಸಭಾ ಇಲ್ಲದ ಠಾಣೆದಾಗ ನಮ್ಮ ದೂರು ಯಾರು ತೊಗೋತಿದ್ರು? ಬಾಗಿಲ ಹೊರಗ ನೂರು ಮಂದಿ ನಿಂತಾರ ಅಂದ್ರೇ ಒಳಗ ಪೆನ್ನು ಬರೀತದ. ಇದು ನಾ ಪುಸ್ತಕದಾಗ ಓದಿದ್ದಲ್ಲ.

ಯುವತಿ: ಆ ನೂರು ಮಂದಿ ನಿಲ್ಲಲಿ. ಅವರ ಮುಂದ ಅವ ತನ್ನ ಅಪಮಾನ ಬಿಚ್ಚಿ ತೋರಿಸ್ಬೇಕು ಅಂತ ಏನದ? ಕಾಕಾ, ಪ್ರತಿ ವರ್ಷ ಇವತ್ತು ನೀವು ಯಾತರ ಮ್ಯಾಲ ಸಿಟ್ಟಿಗೇಳ್ತೀರಿ? ಬ್ರಿಟಿಷ್ ಪ್ರಧಾನಿ ನಮ್ಮವರಿಗೆ ಪ್ರತ್ಯೇಕ ಮತದಾನದ 71 ಸೀಟು ಕೊಟ್ಟಿದ್ದ. ಅದನ್ನ ವಿರೋಧಿಸಿ ಗಾಂಧೀಜಿ ಸೆಪ್ಟೆಂಬರ್ 20ಕ್ಕ ಈ ಜೈಲಿನಾಗ ಉಪವಾಸ ಕೂತ್ರು. ಅವರ ಜೀವ ಹೋದ್ರ ಹಳ್ಳಿ ಹಳ್ಳಿಯೊಳಗ ನಮ್ಮ ಮಂದಿ ಗತಿ ಏನು ಅನ್ನೂ ಭಾರ ಬಾಬಾಸಾಹೇಬರ ಮ್ಯಾಲ ಬಿತ್ತು. ಸೀಟು 148 ಆದ್ವು, ಆದ್ರ ನಮ್ಮವರನ್ನ ನಾವೇ ಆರಿಸೂ ಹಕ್ಕು ಹೋತು. ನಮ್ಮ ಒಳ್ಳೇದಕ್ಕೇ ಅಂತ ನಮ್ಮ ಪರವಾಗಿ ಬ್ಯಾರೆಯವರು ನಿಂತು ತೀರ್ಮಾನ ಮಾಡಿದ್ರು ಅಂತ ನಿಮ್ಮ ಸಿಟ್ಟು. ಇವತ್ತು ಆ ಹುಡುಗನ ಒಳ್ಳೇದಕ್ಕೇ ಅಂತ ನೀವು ಪಟ್ಟಿಯೊಳಗ ಅವನ ಹೆಸರು ಬರದೀರಿ.

ಹಿರಿಯರು: ಎರಡಕ್ಕೂ ತಾಳೆ ಹಾಕಬ್ಯಾಡ. ನಾ ಅವನ ಓಣಿಯವ, ಅವನ ರಕ್ತದವ.

ಯುವತಿ: ಅವನವರು ಹೌದು. ಅವ ಅಲ್ಲ.

ಹಿರಿಯರು: ಹಂಗಾದ್ರ ನೀ? ಅವಗ ಆಗಂಗಿಲ್ಲ, ಅವ ಇನ್ನೂ ಹಸಿ ಅದಾನ ಅಂತ ನೀನೂ ತೀರ್ಮಾನ ಮಾಡೀದಿ. ಅವನ್ನ ನೀ ಕೇಳೀದೇನು, ಮೈಕ್ ಹಿಡೀತೀಯೇನಪಾ ಅಂತ? ಹಿಡೀತೀನಿ ಅಂದ್ರ? ಮೈಕ್ ಕಸಗೊಳ್ಳೂದೂ ಒಂದು ಅನ್ಯಾಯನೇ. ನಮ್ಮ ಮಂದಿ ಬಾಯಿ ಮುಚ್ಚಿಸಿದವರು ಎಲ್ಲಾರೂ ನಿಮ್ಮ ಒಳ್ಳೇದಕ್ಕ ಅಂತನೇ ಮುಚ್ಚಿಸಿದ್ರು.

ಯುವತಿ: ಕೇಳಿಲ್ಲ. ಹೆದರಿಕಿ ಆತು ನಂಗ, ಹೂಂ ಅಂತಾನೋ ಏನೋ ಅಂತ. ನಿಮ್ಮ ಮಾತು ತೆಗೆದು ಹಾಕಂಗಿಲ್ಲ. ಆದ್ರ ಕೇಳೂದಾದ್ರ ಮೈಕ್ ಒಂದೇ ಇಟ್ಟು ಕೇಳಬಾರದು. ನಾಕು ದಾರಿ ಇಟ್ಟು ಕೇಳೋಣ. ದೂರು ಕೊಡ್ತೀಯಾ? ಸಭಾದಾಗ ಹೇಳ್ತೀಯಾ? ಬರದು ಕೊಡ್ತೀಯಾ, ಹೆಸರಿಲ್ಲದ ಯಾರರೆ ಓದಲಿ? ಇಲ್ಲಾ, ಏನೂ ಬ್ಯಾಡೇನು? ಏನೂ ಬ್ಯಾಡ ಅಂದ್ರೂ ಇನ್ನೊಂದು ದಾರಿ ಅದ: ಜನವರಿ 1ಕ್ಕ ನೀವು ಭೀಮಾ ಕೋರೆಗಾಂವಕ್ಕ ಹೋಗ್ತೀರಲ್ಲ.

ಹಿರಿಯರು: ಪ್ರತಿ ವರ್ಷ. 1818ರಾಗ ಪೇಶ್ವೆ ಫೌಜಿನ ಎದುರು ನಿಂತ ಮಹಾರ ಸಿಪಾಯಿಗಳ ಹೆಸರು ಅಲ್ಲಿನ ವಿಜಯಸ್ತಂಭದ ಮ್ಯಾಲ ಅವ. 1927ರಾಗ ಬಾಬಾಸಾಹೇಬರೇ ಬಂದು ನಮಸ್ಕಾರ ಮಾಡಿ ಹೋಗ್ಯಾರ. ಇಲ್ಲಿಂದ ನಗರ ರಸ್ತಾ ಹಿಡದ್ರ ಭೀಮಾ ನದಿ ದಂಡಿಗೇ ಅದ. ಅವನ ಊರೂ ಅದೇ ಭೀಮಾ ದಂಡಿಗೆ, ಕೆಳಗ ನಮ್ಮ ಕಡೆ.

ಯುವತಿ: ಅಲ್ಲಿಗೆ ಕರಕೊಂಡು ಹೋಗ್ರಿ. ಬರೂ ಮಂದಿಗೆ ನೀರು ಹಂಚೂ ಮಂಡಪದಾಗ ನಿಲ್ಲಲಿ. ಯಾರೂ ಅವನ್ನ ಏನೂ ಕೇಳೂದು ಬ್ಯಾಡ. ತನ್ನಂಥವರು ಲಕ್ಷಗಟ್ಟಲೆ ಅದಾರ ಅಂತ ಕಣ್ಣಿಲೆ ನೋಡಲಿ. ನಿಮಗ ಕಲಬುರಗಿ ಸಭಾದಾಗ ಸಿಕ್ಕದ್ದು ಅದೇ ಅಲ್ಲೇನು? ಅಲ್ಲಿ ನಿಮ್ಮನ್ನ ಯಾರೂ ಮಾತಾಡು ಅನ್ನಲಿಲ್ಲ.

ಹಿರಿಯರು: ಅನ್ನಲಿಲ್ಲ. ಸುಮ್ಮನ ಕೂತು ಬಂದೆ. ಬಾಯಿ ಬಿಟ್ಟದ್ದು ಆಮ್ಯಾಲ, ಪುಣಾಕ್ಕ ಬಂದ ಮ್ಯಾಲ. ಆದ್ರ ಬಿಟ್ಟೆ, ಅದು ಮುಖ್ಯ. ಎಲ್ಲಾರೂ ಸುಮ್ಮನ ಕೂತು ಬಂದ್ರ ಆ ಲೋಟದ ಹುಡುಗ ನಿನ್ನ ಕಣ್ಣಿಗೆ ಬೀಳತಿದ್ದಿಲ್ಲ. ಇವನೂ ಎಂದರೆ ಒಂದು ದಿನ ಬಿಡಬೇಕು. ಇಲ್ಲಂದ್ರ ಆ ಹೋಟೆಲಿನ್ಯಾಗ ಇನ್ನೊಬ್ಬ ಹೊಡೆತ ತಿಂತಾನ.

ಯುವತಿ: ಬಿಡದೇ ಇರಬಹುದು, ಕಾಕಾ. ಜಲ್ಮದಾಗ ಒಮ್ಮೆನೂ ಅದರ ಸುದ್ದಿ ತೆಗೀದ, ಟೈಲ್ಸ್ ಹಾಕಿಕೊಂಡು, ಮದಿವಿ ಆಗಿ, ಮಕ್ಕಳನ್ನ ಓದಿಸಿ ಇರಬಹುದು. ಅದಕ್ಕೂ ಅವಗ ಹಕ್ಕದ. ಹೊಡದವರ ಋಣ ಇವ ಯಾಕ ತೀರಿಸ್ಬೇಕು?

ಹಿರಿಯರು: ಈ ಮಾತಿಗೆ ನಾ ಒಪ್ಪಂಗಿಲ್ಲ. ಋಣ ಹೊಡದವರದ್ದಲ್ಲ. ನಮ್ಮ ಮುಂದ ನಡದು ಹೋದವರದ್ದು.

ಯುವತಿ: ನಾನೂ ಒಪ್ಪಂಗಿಲ್ಲ. ಆದ್ರ ಏಳ್ರಿ, ಸಭಾ ಶುರುವಾಗೂದ್ರಾಗ ಅವನ ಖೋಲಿಗೆ ಹೋಗಿ ಬರೋಣ. ಇಬ್ಬರೂ ಕೂಡಿ ಕೇಳೋಣ.

ಹಿರಿಯರು: ನಡಿ. ಅವ ಬ್ಯಾಡ ಅಂದ್ರ ಪಟ್ಟಿಯಿಂದ ಅವನ ಹೆಸರು ನನ್ನ ಕೈಲೆ ಹೊಡದು ಹಾಕ್ತೀನಿ.

ಯುವತಿ: ಹೂಂ ಅಂದ್ರ ಮೈಕಿನ ಹತ್ರ ಅವನ ಬಾಜೂಕ ನಾ ನಿಲ್ತೀನಿ. ನಾಳೆ ಠಾಣೆಗೂ ಬರ್ತೀನಿ.